ಚಾಟ್ನಿಯಿಂದ ಎಣಿಸಿದ ವರ್ಷ

ನನ್ನ ಮೂರು ಮಕ್ಕಳಿಗೆ ನಾನು ಒಂದು ವರ್ಷ ಮನೆಯಲ್ಲೇ ಶಾಲೆ ನಡೆಸಿದ್ದೆ ಎಂದರೆ ಈಗಿನವರು ಹುಬ್ಬೇರಿಸುತ್ತಾರೆ. ಏನೋ ದೊಡ್ಡ ವಿಚಾರ ಇಟ್ಟುಕೊಂಡು ಮಾಡಿರಬೇಕು ಎಂದುಕೊಳ್ಳುತ್ತಾರೆ. ವಿಚಾರವೂ ಇಲ್ಲ, ಮಣ್ಣೂ ಇಲ್ಲ. ಅಥಣಿ ತಾಲ್ಲೂಕಿನ ನಮ್ಮ ದ್ರಾಕ್ಷಿ ತೋಟಕ್ಕೂ ಊರಿನ ಶಾಲೆಗೂ ನಡುವೆ ಒಂದು ಹಳ್ಳವಿತ್ತು, ಅಷ್ಟೇ. ಎಂಬತ್ತರ ದಶಕ ಅರ್ಧ ಮುಗಿದಿತ್ತು. ದ್ರಾಕ್ಷಿ ಹಚ್ಚಿದ ಮೇಲೆ ನಾವು ಊರ ಮನೆ ಬಿಟ್ಟು ತೋಟದಲ್ಲೇ ಇರತೊಡಗಿದ್ದೆವು. ಹಿಂದಿನ ಮಳೆಗಾಲದಲ್ಲಿ ಶಾಲೆಯಿಂದ ಬರುವಾಗ ನನ್ನ ಹಿರಿಯ ಮಗಳು ಆ ಹಳ್ಳದಲ್ಲಿ ಕೊಚ್ಚಿಕೊಂಡು ಹೋಗುವುದರಲ್ಲಿದ್ದಳು. ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಜಡೆ ಹಿಡಿದು ಎಳೆದುಕೊಂಡ. ಪಾಟಿಚೀಲ ಹೋಯಿತು, ಮಗಳು ಉಳಿದಳು. ಅವತ್ತು ಆಕೆಯನ್ನು ಅಪ್ಪಿಕೊಂಡು ಅತ್ತೆ, ನೀರಿಗಿಳಿದದ್ದಕ್ಕೆ ಬೆನ್ನಿಗೆ ಎರಡು ಕೊಟ್ಟೆ, ಮತ್ತೆ ಅತ್ತೆ.

ನಮ್ಮ ಮಾವನವರು ಮರುದಿನವೇ ತೀರ್ಪು ಕೊಟ್ಟುಬಿಟ್ಟರು. ಹುಡುಗಿ ಈ ಆರನೆಯ ಇಯತ್ತೆ ಮುಗಿಸಿದರೆ ಸಾಕು, ಆಮೇಲೆ ಮನೆಯಲ್ಲಿರಲಿ. ನಮ್ಮ ಕಡೆ ತರಗತಿಗೆ ಇಯತ್ತೆ ಅನ್ನುವುದು ರೂಢಿ. ರಾಯಬಾಗದ ಕಡೆಯ ನೆಂಟರೊಬ್ಬರು ಆಗಲೇ ಹುಡುಗಿಯನ್ನು ಕೇಳಲು ಶುರುಮಾಡಿದ್ದರು. ಆಕೆಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಮನೆಯಲ್ಲಿ ಸೊಸೆಯಾದವಳು ಮಾವನಿಗೆ ಎದುರುತ್ತರ ಕೊಡುವ ಪದ್ಧತಿ ಇರಲಿಲ್ಲ. ನನಗೋ ಬಾಯಿ ಕಟ್ಟಿಕೊಂಡು ಇರುವ ಅಭ್ಯಾಸ ಇರಲಿಲ್ಲ. ಶಾಲೆಗೆ ಕಳಿಸುವುದು ಬೇಡವಾದರೆ ಬೇಡ, ಶಾಲೆಯನ್ನೇ ತೋಟಕ್ಕೆ ತರುತ್ತೇನೆ ಅಂದುಬಿಟ್ಟೆ. ಮಾವನವರು ಸಿಟ್ಟಾಗುತ್ತಾರೆ ಅಂದುಕೊಂಡರೆ, ಮೀಸೆಯೊಳಗೇ ನಕ್ಕರು.

"ಏಳನೆತ್ತೆ ಪಾಸಾದ್ರ ಅಥಣಿ ಹೈಸ್ಕೂಲಿಗಿ ನಾನ ಹೋಗಿ ಹೆಸರ ಹಚ್ಚಿ ಬರ್ತೀನಿ. ಫೇಲಾದ್ರ ಮುಂದ ನೀ ಬಾಯಿ ತೆರೀಬಾರದು ನೋಡವಾ," ಅಂದರು.

ಆಗಲಿರಿ ಅಂದೆ. ಊರಿನ ಹೆಡ್ಮಾಸ್ತರರು ಒಳ್ಳೆಯವರು. ಮಕ್ಕಳ ಹೆಸರು ತೆಗೆಯುವುದಿಲ್ಲ, ಹಳ್ಳ ಇಳಿದಾಗ ಸಂತೆಯ ದಿನ ಕರೆತಂದು ಕಲಿತದ್ದನ್ನು ತೋರಿಸಿ, ಪರೀಕ್ಷೆಗೆ ಕೂರಿಸೋಣ ಅಂದರು. ಅವರ ಎದುರು ಬಹಳ ಧೈರ್ಯದಿಂದ ತಲೆಯಾಡಿಸಿ ಬಂದವಳು ಹಳ್ಳ ದಾಟುತ್ತ ಲೆಕ್ಕ ಹಾಕಿಕೊಂಡೆ. ಹಿರಿಯಳು ಏಳನೆಯ ಇಯತ್ತೆ, ನಡುವಿನ ಮಗ ನಾಲ್ಕನೆಯದು, ಕಿರಿಯಳು ಒಂದನೆಯದು. ಕಲಿಸುವವಳು ನಾನು ಒಬ್ಬಳು. ಅದರ ಮೇಲೆ ನನಗೆ ಕನ್ನಡ ಓದಲು ಬರುತ್ತಿರಲಿಲ್ಲ.

ನನ್ನ ತವರು ನಿಪ್ಪಾಣಿ. ನಮ್ಮವ್ವ ಬೀಡಿ ಕಟ್ಟಿ ನನ್ನನ್ನು ಮರಾಠಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿಸಿದ್ದಳು. ಮದುವೆಯಾಗಿ ಬಂದ ಮೇಲೆ ಕನ್ನಡ ಬಾಯಿಗೆ ಬಂತು, ಕಣ್ಣಿಗೆ ಬರಲಿಲ್ಲ. ಹೀಗಾಗಿ ಆ ವರ್ಷ ನಮ್ಮ ಶಾಲೆಯ ಒಂದನೆಯ ಇಯತ್ತೆಯಲ್ಲಿ ಇಬ್ಬರಿದ್ದೆವು, ಕಿರಿಮಗಳು ಮತ್ತು ನಾನು. ಇಬ್ಬರಿಗೂ ಹಿರಿಯಳೇ ಅಕ್ಷರ ತಿದ್ದಿಸುತ್ತಿದ್ದಳು. ಆರು ವರ್ಷದ ಆ ಪೋರಿ ನನಗಿಂತ ಮುಂದೆ ಹೋಗಿ, ಒತ್ತಕ್ಷರ ಬಂದಲ್ಲಿ ನಾನು ತಡವರಿಸಿದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ತರಗತಿಯ ದಡ್ಡಿ ನಾನೇ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಣಿತದಲ್ಲಿ ಮಾತ್ರ ನನ್ನ ತಂಟೆಗೆ ಯಾರೂ ಬರುತ್ತಿರಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಹಿಡಿದ ದಿನ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೋರಲು ಹಾಕಿಕೊಂಡು ವರ್ಷದ ಯೋಜನೆ ಬರೆಯಲು ಕೂತೆ. ದಸರೆಯವರೆಗಿನದು ಸಲೀಸಾಯಿತು. ಕನ್ನಡ, ಬಾಯಿಪಾಠ, ಇತಿಹಾಸ ಎಂದು ತಿಂಗಳು ತಿಂಗಳಿಗೆ ಹಂಚಿದೆ. ಅಲ್ಲಿಂದ ಮುಂದೆ ತೊಡಕು. ದಸರೆಯ ಹೊತ್ತಿಗೆ ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಚಾಟ್ನಿಯಾದ ಮೇಲೆ ದ್ರಾಕ್ಷಿಯವರ ಮನೆಯಲ್ಲಿ ತಾರೀಖು ಎಂಬುದೇ ಇರುವುದಿಲ್ಲ. ಇವತ್ತು ಎಷ್ಟನೆಯ ದಿನ ಎಂದು ಕೇಳಿದರೆ ಚಾಟ್ನಿಯಿಂದ ಎಷ್ಟನೆಯ ದಿನ ಎಂದೇ ಅರ್ಥ. ಎಂಟನೆಯ ದಿನ ಚಿಗುರು, ಇಪ್ಪತ್ತನೆಯ ದಿನ ಔಷಧಿ, ನಲವತ್ತನೆಯ ದಿನ ಹೂವು, ನಾಲ್ಕು ತಿಂಗಳು ದಾಟಿದ ಮೇಲೆ ಕೊಯ್ಲು. ನಮ್ಮ ಮನೆಯವರು ಹೆಂಡತಿಯ ಹುಟ್ಟಿದ ದಿನ ಮರೆತಾರು, ಚಾಟ್ನಿಯ ದಿನ ಮರೆಯುವವರಲ್ಲ.

ಹಾಗಾಗಿ ನಾನೂ ಪಾಠಗಳನ್ನು ಚಾಟ್ನಿಯ ಲೆಕ್ಕದ ಮೇಲೆಯೇ ಕೂರಿಸಿದೆ. ಯಾವ ದಿನ ಎಲ್ಲರ ಕೈಯಲ್ಲೂ ಕೆಲಸ, ಯಾವ ದಿನ ಬಿಡುವು ಎಂದು ಅದರಿಂದಲೇ ತಿಳಿಯುತ್ತಿತ್ತು. ಇಪ್ಪತ್ತನೆಯ ದಿನ ಔಷಧಿ ಹೊಡೆದರೆ ಇಪ್ಪತ್ತೊಂದಕ್ಕೆ ತೋಟದೊಳಗೆ ಹೋಗುವಂತಿಲ್ಲ. ಹಿರಿಯಳಿಗೆ ದಶಾಂಶ, ಮಗನಿಗೆ ಭಾಗಾಕಾರ, ಕಿರಿಯಳಿಗೆ ಕಾಗುಣಿತ. ಬಳ್ಳಿ ಕಟ್ಟುವ ದಿನ ಮೂವರೂ ತೋಟದಲ್ಲೇ. ಕಿರಿಯಳು ಸಾಲಿನ ಬಳ್ಳಿ ಎಣಿಸಬೇಕು, ಮಗ ಅದನ್ನು ಸಾಲುಗಳಿಂದ ಗುಣಿಸಬೇಕು, ಹಿರಿಯಳು ಒಣಗಿದ ಬಳ್ಳಿ ನೂರಕ್ಕೆ ಎಷ್ಟು ಎಂದು ಹೇಳಬೇಕು. ಕೊಯ್ಲು ಮುಗಿದ ಮೇಲೆ ಹದಿನೈದು ದಿನ ಬರೀ ಮರುಓದು, ಆಮೇಲೆ ಪರೀಕ್ಷೆ. ಬರೆದು ಮುಗಿಸಿ ಗೋಡೆಗೆ ಅಂಟಿಸಿ, ನಾನೇ ದೂರ ನಿಂತು ನೋಡಿಕೊಂಡೆ. ಭಾರೀ ಹೆಮ್ಮೆ ಅನ್ನಿಸಿತು.

ಮಾವನವರಿಗೂ ಅದರಲ್ಲಿ ಒಂದು ಕೆಲಸ ಬರೆದಿದ್ದೆ, ದಿನಾ ಮಗ್ಗಿ ಒಪ್ಪಿಸಿಕೊಳ್ಳುವುದು. ಇದೆಲ್ಲ ತಮಗೆ ಸಂಬಂಧವಿಲ್ಲ ಎಂದು ಗೊಣಗಿದರು. ಎರಡನೆಯ ವಾರದಲ್ಲಿ ನೋಡಿದರೆ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದೂಕಾಲರ ಮಗ್ಗಿ, ಒಂದೂವರೆಯ ಮಗ್ಗಿ ಎಂದು ತಮ್ಮ ಕಾಲದ್ದೆಲ್ಲ ಹೇಳಿಕೊಡುತ್ತಿದ್ದಾರೆ. ಹಿರಿಯಳು ಇತಿಹಾಸ ಗಟ್ಟಿಯಾಗಿ ಓದುವಾಗ ಅವರ ಎಲೆಅಡಿಕೆ ಬಾಯಲ್ಲೇ ನಿಲ್ಲುತ್ತಿತ್ತು. ಒಂದು ದಿನ ಆಕೆ ನಡುವೆ ಪುಸ್ತಕ ಮಡಚಿದ್ದಕ್ಕೆ, ಆ ರಾಜ ಮುಂದೇನಾದ ಎಂದು ಕೇಳಿದರು. ಮುಂದಿನದು ಚಾಟ್ನಿಯಾದ ಹದಿಮೂರನೆಯ ದಿನಕ್ಕೆ ಇದೆ ಎಂದು ನಾನು ಒಳಗಿನಿಂದಲೇ ಕೂಗಿ ಹೇಳಿದೆ.

ಆ ವರ್ಷ ಮಳೆ ಹೋಗಲೇ ಇಲ್ಲ. ದಸರೆಯಾಯಿತು, ಮೋಡ ಹಾಗೇ ಕವಿದಿತ್ತು. ಚಾಟ್ನಿಯಾದ ಮೇಲೆ ಮಳೆ ಹಿಡಿದರೆ ಎಳೆ ಚಿಗುರಿಗೆ ರೋಗ ಬೀಳುತ್ತದೆ. ಮಾವನವರು ತಡೆದರು. ದೀಪಾವಳಿಯೂ ಆಗಿಹೋಗಿ ಎಂಟು ದಿನ ಕಳೆದ ಮೇಲೆ ಕತ್ತರಿ ಹಿಡಿದೆವು. ಸರಿಯಾಗಿ ಒಂದು ತಿಂಗಳು ತಡ. ಅವತ್ತು ಸಂಜೆ ನಾನು ಗೋಡೆಯ ಹಾಳೆಯ ಮೇಲೆ ಖುಷಿಯಿಂದ ಒಂದನೆಯ ದಿನ ಎಂದು ಗುರುತು ಹಾಕಿದೆ.

ನನ್ನ ಬುದ್ಧಿಗೆ ಏನು ಹೇಳಲಿ. ಬಳ್ಳಿ ತಡವಾದರೆ ಹಣ್ಣು ತಡ, ಅದು ನಮ್ಮ ಮನೆಯ ಎಮ್ಮೆಗೂ ಗೊತ್ತು. ಪರೀಕ್ಷೆಗೂ ನಮ್ಮ ಚಾಟ್ನಿಗೂ ಸಂಬಂಧವಿಲ್ಲ ಎಂಬುದು ಮಾತ್ರ ಹತ್ತನೆಯವರೆಗೆ ಓದಿದ ನನಗೆ ಹೊಳೆಯಲಿಲ್ಲ. ಇಪ್ಪತ್ತೊಂದನೆಯ ದಿನ ದಶಾಂಶ ನಡೆಯಿತು, ಎಪ್ಪತ್ತನೆಯ ದಿನ ಬಡ್ಡಿ ಲೆಕ್ಕ ಮುಗಿಯಿತು, ತೊಂಬತ್ತನೆಯ ದಿನಕ್ಕೆ ಒಂದು ಪಾಠವೂ ಹಿಂದೆ ಬಿದ್ದಿರಲಿಲ್ಲ. ಶಾಲೆಗೆ ಹೋಗುವ ಮಕ್ಕಳೂ ಇಷ್ಟು ಶಿಸ್ತಾಗಿ ಓದುವುದಿಲ್ಲ ಎಂದು ಸಂತೆಗೆ ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ.

ನೂರಾ ಹದಿನೈದನೆಯ ದಿನ ಸಂತೆಗೆ ಹೋದಾಗ ಹೆಡ್ಮಾಸ್ತರರು ಪರೀಕ್ಷೆಯ ದಿನ ಬರೆದ ಚೀಟಿ ಕೈಗಿಟ್ಟರು. ಅಲ್ಲೇ ನಿಂತು ಬೆರಳು ಮಡಚಿದೆ. ಇನ್ನು ಹತ್ತೊಂಬತ್ತೇ ದಿನ. ಪರೀಕ್ಷೆ ಬರುವುದು ಕೊಯ್ಲಿನ ನಟ್ಟನಡುವೆ. ಹಿರಿಯಳಿಗೆ ಆರು ಪಾಠ ಬಾಕಿ, ಮರುಓದಂತೂ ಶುರುವೇ ಆಗಿಲ್ಲ. ಕೊಯ್ಲು ಅಂದರೆ ಮನೆಯ ಸಣ್ಣ ಮಗುವೂ ಬುಟ್ಟಿ ಹಿಡಿಯಬೇಕು. ಆಕೆ ಪುಸ್ತಕ ಹಿಡಿಯುವುದು ಎಲ್ಲಿ ಬಂತು. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಮನೆಗೆ ಬಂದು ಮಗಳಿಗೆ ಹೇಳಿದರೆ ಆಕೆಗೆ ಆಶ್ಚರ್ಯವೇ ಆಗಲಿಲ್ಲ.

"ನಂಗ ಸಂಕ್ರಾಂತಿಗೇ ಗೊತ್ತಾಗಿತ್ತವ್ವಾ," ಅಂದಳು. "ನೀ ಅಷ್ಟ ಹುರುಪಿಲೆ ಗುರುತ ಹಾಕಾಕತ್ತಿದ್ದಿ. ಹೆಂಗ ಹೇಳ್ಲಿ?"

ಎರಡು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಹೇಳಿದ್ದನ್ನೇ ಓದಿದ್ದಳು. ನನ್ನ ಮನಸ್ಸು ನೋಯಬಾರದು ಎಂದು ತನ್ನ ಪರೀಕ್ಷೆಯನ್ನೇ ಪಣಕ್ಕಿಟ್ಟ ಹುಡುಗಿಗೆ ಬೈಯಬೇಕೋ ಮುದ್ದಿಡಬೇಕೋ ತಿಳಿಯಲಿಲ್ಲ. ಬೈದೆ. ನನಗೆ ಅದು ಬೇಗ ಬರುತ್ತದೆ.

ಆಮೇಲೆ ಸೀದಾ ಮಾವನವರ ಹತ್ತಿರ ಹೋದೆ. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಂದ ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. "ಎಣಿಕಿ ತಪ್ಪಿದ್ದು ನಂದ್ರಿ ಮಾವಾರ, ಆಕೀದಲ್ಲ. ಆಕಿ ಫೇಲಾದ್ರ ನನ್ನ ಸಲವಾಗಿ ಆಗ್ತಾಳ," ಅಂದೆ. ಅವರು ಎಷ್ಟು ಪಾಠ ಬಾಕಿ ಎಂದು ಕೇಳಿದರು, ಹೇಳಿದೆ. ಎಷ್ಟು ದಿನ ಎಂದು ಕೇಳಿದರು, ಹೇಳಿದೆ. ಎದ್ದು ತೋಟದೊಳಗೆ ಹೋಗಿ ನಾಲ್ಕು ಸಾಲಿನ ಹಣ್ಣು ಹಿಚುಕಿ, ಬಾಯಿಗೆ ಹಾಕಿಕೊಂಡು ನೋಡಿ ಬಂದರು. ನಮ್ಮ ಮನೆಯವರು ಆಗಲೇ ಕೊಯ್ಲಿಗೆ ಆಳು ಗೊತ್ತುಮಾಡಿ ಬಂದಿದ್ದರು.

"ಹಣ್ಣ ಎಂಟ ದಿನ ಬಳ್ಳಿಮ್ಯಾಗ ನಿಂದರತೈತಿ, ಪರೀಕ್ಷಾ ನಿಂದರಂಗಿಲ್ಲ," ಅಂದರು ಮಗನಿಗೆ. "ಆಳಿಗಿ ಆಮ್ಯಾಲ ಬರ್ರಿ ಅಂತ ಹೇಳ. ಆಕೀನ ಓದಾಕ ಬಿಡ್ರಿ."

ನಮ್ಮ ಮನೆಯವರು ಆಕಾಶದ ಕಡೆ ನೋಡಿದರು. ಕಳಿತ ಹಣ್ಣಿನ ಮೇಲೆ ಒಂದು ಅಡ್ಡ ಮಳೆ ಬಿದ್ದರೆ ಸಿಪ್ಪೆ ಒಡೆದು ವರ್ಷದ ದುಡಿಮೆ ಕೊಳೆತುಹೋಗುತ್ತದೆ. ಅದು ಮಾವನವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ದಿನಗಳಲ್ಲಿ ಚಿಕ್ಕವರಿಬ್ಬರನ್ನೂ ಬೆಳಗ್ಗೆಯಿಂದ ಸಂಜೆಯವರೆಗೆ ಅವರೇ ತಮ್ಮ ಜೊತೆ ಇಟ್ಟುಕೊಂಡರು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಅವರ ಶಾಲೆ, ಅಡುಗೆಮನೆಯಲ್ಲಿ ನಮ್ಮದು. ನಾನು ರೊಟ್ಟಿ ಬಡಿಯುತ್ತಿದ್ದೆ, ಆಕೆ ಓದುತ್ತಿದ್ದಳು. ವಿಜ್ಞಾನದ ಪಾಠ ಆಕೆ ಕನ್ನಡದಲ್ಲಿ ಓದಿದರೆ ನಾನು ಮರಾಠಿಯಲ್ಲಿ ನೆನಪಾದದ್ದನ್ನು ಹೇಳುತ್ತಿದ್ದೆ. ಇಬ್ಬರೂ ಸೇರಿ ಅದನ್ನು ಹೇಗೋ ಒಂದು ದಾರಿಗೆ ತರುತ್ತಿದ್ದೆವು. ಒಂದು ಮಧ್ಯಾಹ್ನ ಗುಡುಗಿತು. ಮಾವನವರು ಶೆಡ್ಡಿನಿಂದ ಹೊರಬಂದು ಬರಿತಲೆಯಲ್ಲಿ ಅಂಗಳದಲ್ಲಿ ನಿಂತರು. ಮಳೆ ತೋಟದ ಪಡುವಣ ಅಂಚನ್ನು ತೋಯಿಸಿ ಕಾಗವಾಡದ ಕಡೆ ಹೋಯಿತು. ಎರಡು ಸಾಲಿನ ಹಣ್ಣು ಒಡೆದುಹೋದವು. ಹೋಯಿತು ಬಿಡು, ಎಮ್ಮೆಗೆ ಹಾಕು ಎಂದು ಅವರೇ ಮಗನಿಗೆ ಹೇಳಿದರು.

ಪರೀಕ್ಷೆ ಮುಗಿದ ಮರುದಿನ ಕೊಯ್ಲಿಗೆ ಇಳಿದೆವು. ಫಲಿತಾಂಶ ಬಂದಾಗ ಹೆಡ್ಮಾಸ್ತರರೇ ಹಳ್ಳ ದಾಟಿ ಬಂದು ಹೇಳಿದರು. ಪಾಸಾಗಿದ್ದಳು. ಮೊದಲನೆಯ ದರ್ಜೆಯೇನಲ್ಲ, ಎರಡನೆಯದು. ನನ್ನ ಎಣಿಕೆ ಸರಿಯಿದ್ದರೆ ಮೊದಲನೆಯದೇ ಬರುತ್ತಿತ್ತು ಎಂದು ನಾನು ಇಂದಿಗೂ ವಾದಿಸುತ್ತೇನೆ. ಚಿಕ್ಕವರಿಬ್ಬರೂ ಪಾಸು. ಮಾವನವರು ಕೊಟ್ಟ ಮಾತಿನಂತೆ ತಲೆಗೆ ರುಮಾಲು ಸುತ್ತಿ ಅಥಣಿಗೆ ಹೋಗಿ ಹೈಸ್ಕೂಲಿಗೆ ಹೆಸರು ಹಚ್ಚಿ ಬಂದರು. ದಿನಾ ಹೋಗಿಬರುವ ದೂರವಲ್ಲ. ಅಲ್ಲೇ ನಮ್ಮ ನಾದಿನಿಯ ಮನೆಯಲ್ಲಿ ಇರುವುದೆಂದು ಠರಾಯಿಸಿದೆವು.

ಜೂನಿನಲ್ಲಿ ಆಕೆಯನ್ನು ಬಸ್ಸಿಗೆ ಹತ್ತಿಸಲು ನಾನೂ ಮಾವನವರೂ ಹೋದೆವು. ನಮ್ಮ ಮನೆಯವರು ಆಕೆಯ ಜೊತೆ ಅಥಣಿಯವರೆಗೆ ಹೊರಟಿದ್ದರು. ಬಸ್ಸು ಬರುವವರೆಗೂ ಮಗಳು ನನಗೆ ಬುದ್ಧಿ ಹೇಳುತ್ತಲೇ ಇದ್ದಳು. ತಮ್ಮನಿಗೆ ಭಾಗಾಕಾರ ಬೆಳಗಿನ ಹೊತ್ತು ತಲೆಗೆ ಹತ್ತುವುದಿಲ್ಲ, ಸಂಜೆ ಹೇಳಬೇಕು. ತಂಗಿ ಓದಿದಂತೆ ಮಾಡಿ ಬಾಯಿಪಾಠ ಒಪ್ಪಿಸುತ್ತಾಳೆ, ನಡುವಿನಿಂದ ಕೇಳಬೇಕು. ನಾನು ಒತ್ತಕ್ಷರ ದಿನಾ ಬರೆಯಬೇಕು, ಬಿಟ್ಟರೆ ಮರೆಯುತ್ತದೆ. ಸಾಕು ಮಾಡು ನಿನ್ನ ಮಾಸ್ತರಕಿ, ಬಸ್ ಹತ್ತು ಎಂದು ಗದರಿದೆ. ಹತ್ತಿದಳು. ಕಿಟಕಿಯ ಹತ್ತಿರ ಕೂತು ಕೈ ಮಾಡಿದಳು, ಬಸ್ಸು ಹೊರಟಿತು.

ವರ್ಷವಿಡೀ ನಾನು ದಿನ ಎಣಿಸಿದ್ದು ಆಕೆ ಪಾಸಾಗಲಿ ಎಂದು. ಪಾಸಾದರೆ ಹೋಗುತ್ತಾಳೆ ಎಂಬುದನ್ನು ಎಲ್ಲೂ ಬರೆದುಕೊಂಡಿರಲಿಲ್ಲ. ಫೇಲಾಗಿದ್ದರೆ ಇಲ್ಲೇ ಇರುತ್ತಿದ್ದಳಲ್ಲ ಎಂದು ಒಂದು ಗಳಿಗೆ ಮನಸ್ಸಿಗೆ ಬಂತು. ಸುಳ್ಳು ಯಾಕೆ ಹೇಳಲಿ, ಬಂತು. ಇಂಥ ತಾಯಿಯೂ ಇರುತ್ತಾಳೆಯೇ ಎಂದು ನನಗೇ ನಾಚಿಕೆಯಾಗಿ, ಸೆರಗಿನಿಂದ ಮುಖ ಒರೆಸಿಕೊಂಡು ಮಾವನವರ ಕಡೆ ತಿರುಗಿದೆ. ಅವರು ಬಸ್ಸು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದರು.

"ಅವತ್ತ ಹಣ್ಣ ಕೊಯ್ದಬಿಡಬೇಕಿತ್ತ ನೋಡವಾ," ಅಂದರು.