ರಾಯರು ಕೇಳಿದ ಎರಡು ಗಂಟೆ

ಪುಂಡರೀಕಾಕ್ಷ ರಾಯರಿಗೆ ನಾವು ಸನ್ಮಾನ ಮಾಡಿದ್ದು 2017ರ ಫೆಬ್ರವರಿ ಹನ್ನೆರಡರ ಭಾನುವಾರ. ಅವರು ಸನ್ಮಾನ ಕೇಳಿರಲಿಲ್ಲ. ಎರಡು ಗಂಟೆ ಸಮಯ, ಒಂದು ಹಾಲ್, ಐವತ್ತು ಕುರ್ಚಿ ಕೇಳಿದ್ದರು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದ ನಾನು, ಹೋಟೆಲಿನ ಜಯಶೀಲ ಶೆಟ್ಟಿ, ಅದನ್ನು ಸನ್ಮಾನ ಮಾಡಿಬಿಟ್ಟೆ. ಆ ದಿನದ ಕಾರ್ಯಕ್ರಮದ ಬಗ್ಗೆ ಸಂಘದ ವಾರ್ಷಿಕ ವರದಿಯಲ್ಲಿ ಒಂದು ಪುಟ ಇದೆ, ಮೂರು ಫೋಟೋ ಸಮೇತ. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಯರ ಮನೆ ಡೊಂಬಿವಲಿ ಪೂರ್ವದಲ್ಲಿ, ನನ್ನ ಹೋಟೆಲಿನಿಂದ ಎರಡು ಗಲ್ಲಿ ಆಚೆ. ಹಳೆಯ ಸೊಸೈಟಿ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಗಂಡ ಹೆಂಡತಿ ಇಬ್ಬರೇ. ಉಡುಪಿ ಕಡೆಯಿಂದ ಬಂದವರು ಹೋಟೆಲಿಗೆ ಇಳಿಯುವುದು ನಮ್ಮಲ್ಲಿ ವಾಡಿಕೆ, ಅವರು ಮಾತ್ರ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಒಬ್ಬ ವ್ಯಾಪಾರಿಯ ಲೆಕ್ಕ ಬರೆಯಲು ಸೇರಿ ಇಪ್ಪತ್ತೊಂದು ವರ್ಷ ಅಲ್ಲೇ ಉಳಿದರು. ಬೆಳಿಗ್ಗೆ ಶೀಳ್ ಫಾಟಾ ಎಂಬ ಕವಲುದಾರಿಯ ಮೇಲೆ ಹೋಗುವ ಬಸ್ಸು, ಸಂಜೆ ಅದೇ ಬಸ್ಸು. ಅಂಗಿಯ ಕಾಲರಿನಲ್ಲಿ ಯಾವಾಗಲೂ ಕೆಂಪು ಧೂಳು. "ಮಾರ್ಕೆಟ್ಟನ್ನು ದಿನಾ ಸ್ವಲ್ಪ ಸ್ವಲ್ಪ ಮನೆಗೆ ತರ್ತಾ ಇದ್ದೇನೆ ಶೆಟ್ರೆ, ಇನ್ನೂ ಯಾರೂ ಹಿಡೀಲಿಲ್ಲ" ಎನ್ನುತ್ತಿದ್ದರು. ಅವರ ತಮಾಷೆಯೆಲ್ಲ ಅಷ್ಟೇ.

2004ರ ಮಾರ್ಚ್ ಕೊನೆಯಲ್ಲಿ ಅವರ ಆಫೀಸಿನಲ್ಲಿ ಒಂದು ಅವಾಂತರವಾಯಿತು. ದುಡ್ಡು ಕೊಟ್ಟು ತಂದ ಲೆಕ್ಕದ ಸಾಫ್ಟ್‌ವೇರ್ ನಡೆಯಬೇಕಾದರೆ ಕಂಪ್ಯೂಟರಿನ ಹಿಂದೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಲಾಕ್ ಸಿಕ್ಕಿಸಿರಬೇಕಿತ್ತು. ಆ ಲಾಕ್ ಕೆಟ್ಟಿತು. ಮಾರಿದವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದ. ಆರು ವರ್ಷದ ಲೆಕ್ಕ ಕಣ್ಣೆದುರಿನ ಪೆಟ್ಟಿಗೆಯೊಳಗೇ ಇತ್ತು, ತೆರೆಯಲು ಬರುತ್ತಿರಲಿಲ್ಲ. ರಾಯರು ಹನ್ನೊಂದು ದಿನ ಬಿಲ್ಲುಗಳನ್ನು ನೆಲದ ಮೇಲೆ ಹರಡಿಕೊಂಡು ಕೈಯಲ್ಲಿ ಬರೆದು ವರ್ಷ ಮುಗಿಸಿದರು. "ನಾನು ಬರೆದದ್ದನ್ನು ನಾನು ಓದ್ಲಿಕ್ಕೆ ಇನ್ನೊಬ್ಬನ ಬೀಗದ ಕೈ ಎಂತಕ್ಕೆ?" ಎಂಬುದು ಅವರ ಸಿಟ್ಟು. ಸಿಟ್ಟು ಎಲ್ಲರಿಗೂ ಬರುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ. ಅವರದ್ದು ಇಳಿಯಲಿಲ್ಲ.

ನಲವತ್ತಮೂರನೇ ವಯಸ್ಸಿನಲ್ಲಿ ಫುಟ್‌ಪಾತಿನ ಹಳೆಯ ಪುಸ್ತಕ ತಂದು ಪ್ರೋಗ್ರಾಮಿಂಗ್ ಕಲಿತರು. ಯಾರೋ ವಿದೇಶದವರು ಅರ್ಧಕ್ಕೆ ಬಿಟ್ಟಿದ್ದ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ತಿದ್ದಿ ತೀಡಿ, ಕನ್ನಡ ಮರಾಠಿ ಎರಡರಲ್ಲೂ ನಡೆಯುವ ಹಾಗೆ ಮಾಡಿದರು. ಕಿರ್ದಿ ಎಂದು ಹೆಸರಿಟ್ಟರು. ದಿನದ ಲೆಕ್ಕದ ಪುಸ್ತಕಕ್ಕೆ ಎರಡೂ ಭಾಷೆಯ ಹಳಬರು ಹೇಳುವ ಹೆಸರು ಅದು. 2005ರಲ್ಲಿ ವ್ಯಾಟ್ ಬಂದು ನಾವೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ ಮೊದಲು ನನ್ನ ಹೋಟೆಲಿನ ಕಂಪ್ಯೂಟರಿಗೆ ಹಾಕಿಕೊಟ್ಟರು. ನನ್ನಿಂದ ನನ್ನ ಭಾವನ ಹೋಟೆಲಿಗೆ, ಅಲ್ಲಿಂದ ಕಲ್ಯಾಣಕ್ಕೆ, ಠಾಣೆಗೆ, ಬದಲಾಪುರಕ್ಕೆ ಹಬ್ಬಿತು. ಹತ್ತು ವರ್ಷದಲ್ಲಿ ನಲವತ್ತೆರಡು ಹೋಟೆಲು, ಅಂಗಡಿ.

ಓಪನ್ ಸೋರ್ಸ್ ಎಂದರೇನು ಎಂದು ಅವರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಒಳಗೆ ಬರೆದದ್ದೆಲ್ಲ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ನಮಗೆ ಅರ್ಥವಾದದ್ದು ಒಂದೇ ಶಬ್ದ: ಪುಕ್ಕಟೆ. ಸಂಘದ ದೊಡ್ಡ ಪಾತ್ರೆಗಳ ಹಾಗೆ ಅದು ಎಲ್ಲರದ್ದೂ ಆಗಿತ್ತು, ತೊಳೆಯುವವರು ಮಾತ್ರ ಒಬ್ಬರೇ. ಬಿಲ್ಲಿನ ಅಕ್ಷರ ಸಣ್ಣದಾಯಿತು ಎಂದು ನಾನು ಅವರಿಗೆ ಊಟದ ಹೊತ್ತಿಗೆ ಫೋನ್ ಮಾಡಿದ್ದೇನೆ. ದುಡ್ಡು ಕೊಟ್ಟ ಗಿರಾಕಿಯ ದನಿಯಲ್ಲಿ ಮಾತಾಡಿದ್ದೇನೆ. ಅವರು ಸಂಜೆ ಬಸ್ಸಿಳಿದು ನೇರ ಹೋಟೆಲಿಗೇ ಬಂದು ಸರಿ ಮಾಡಿ, ಕಾಫಿಗೂ ದುಡ್ಡು ಕೊಟ್ಟು ಹೋಗುತ್ತಿದ್ದರು.

2015ರಲ್ಲಿ ಅವರ ಎರಡೂ ಕಿಡ್ನಿ ಹೋದವು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್, ನಾಲ್ಕು ನಾಲ್ಕು ಗಂಟೆ. ಕಳಂಬೋಲಿಯ ಕೆಲಸ ಬಿಟ್ಟರು. ಎಡಗೈಗೆ ಸೂಜಿ ಚುಚ್ಚಿದರೆ ಅದನ್ನು ಅಲುಗಿಸುವ ಹಾಗಿಲ್ಲ, ಬಲಗೈ ಒಂದರಲ್ಲೇ ಲ್ಯಾಪ್‌ಟಾಪ್ ಕುಟ್ಟುತ್ತಿದ್ದರು. ಒಮ್ಮೆ ನೋಡಲು ಹೋಗಿದ್ದೆ. ಪಕ್ಕದ ಮಂಚದವರು ಟೀವಿ ನೋಡುತ್ತಿದ್ದರು, ಇವರು ಬದಲಾಪುರದ ಯಾವುದೋ ಮೆಡಿಕಲ್ ಅಂಗಡಿಯವನ ಸ್ಟಾಕ್ ಹೊಂದಿಸುತ್ತಿದ್ದರು. ನನಗೆ ನಾಚಿಕೆಯಾಯಿತು, ಆದರೆ ಮನೆಗೆ ಬರುವಷ್ಟರಲ್ಲಿ ಮರೆತುಹೋಯಿತು.

2017ರ ಜನವರಿಯಲ್ಲಿ ಮಧ್ಯಾಹ್ನ ಮೂರಕ್ಕೆ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ, ಹೋಟೆಲಿಗೆ ಬಂದರು. ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಸುಧಾರಿಸಿಕೊಂಡರು.

"ಶೆಟ್ರೆ, ಜುಲೈಯಿಂದ ಜಿಎಸ್‌ಟಿ ಅಂತೆ. ಕಿರ್ದಿಯ ಅರ್ಧಕ್ಕರ್ಧ ಬದಲು ಮಾಡ್ಬೇಕು. ನನ್ನಿಂದ ಒಬ್ಬನಿಂದ ಆಗುವುದಲ್ಲ."

"ನೀವು ಮಾಡದ್ದು ಎಂತ ಉಂಟು ರಾಯ್ರೆ. ವ್ಯಾಟಿಗೆ ಮಾಡ್ಲಿಲ್ವಾ?"

"ಆಗ ಎರಡು ಕೈ ಇತ್ತು." ನಗದೆ ಹೇಳಿದರು. "ಇದು ಮುಂದೆ ಹತ್ತು ವರ್ಷ ನಡೀಬೇಕಾದ್ರೆ ಯಾರು ಯಾರು ಎಂತ ಮಾಡ್ಬೇಕು ಅಂತ ನಾನು ಒಂದು ಯೋಜನೆ ಬರೆದಿದ್ದೇನೆ. ಪ್ರೋಗ್ರಾಮ್ ಬರೆಯುವವರೇ ಬೇಕಂತಿಲ್ಲ. ಸಣ್ಣ ಸಣ್ಣ ಕೆಲಸ. ಉಪಯೋಗಿಸುವವರೆಲ್ಲ ಒಮ್ಮೆ ಕೂತು ಹಂಚಿಕೊಂಡ್ರೆ ಆಯ್ತು. ನನಗೆ ಎರಡು ಗಂಟೆ ಕೊಡಿ."

ಒಪ್ಪಿಕೊಂಡೆ. ಕಮಿಟಿಯಲ್ಲಿ ವಿಷಯ ಇಟ್ಟಾಗ ಅಧ್ಯಕ್ಷ ಪ್ರೇಮನಾಥರು ನಕ್ಕರು. "ಲೆಕ್ಕದ ಸಾಫ್ಟ್‌ವೇರಿನ ಭವಿಷ್ಯ ಅಂತ ಕಾರ್ಡ್ ಹಾಕಿದ್ರೆ ಭಾನುವಾರ ಯಾರು ಬರ್ತಾರೆ ಮಾರಾಯ್ರೆ? ಸನ್ಮಾನ ಇಡುವಾ. ಜನ ಸೇರ್ತಾರೆ, ಅವರ ಮಾತೂ ಆಗ್ತದೆ." ನನಗೂ ಅದೇ ಸರಿ ಕಂಡಿತು. ಈ ಊರಿನಲ್ಲಿ ನಮಗೆ ಒಬ್ಬರ ಮೇಲೆ ಪ್ರೀತಿ ಬಂದರೆ ಗೊತ್ತಿರುವುದು ಒಂದೇ ದಾರಿ: ಶಾಲು ಹೊದೆಸುವುದು. ಹೊದೆಸಿದ ಮೇಲೆ ಅವರ ಋಣ ತೀರಿತು ಎಂದು ಮನೆಗೆ ಹೋಗುವುದು. ಒಂದೇ ಶಾಲು ನಾಲ್ಕು ಸಂಘ ಸುತ್ತಿ ಹೊದೆಸಿದವರ ಹೆಗಲಿಗೇ ವಾಪಸು ಬಂದದ್ದೂ ಉಂಟು.

ಕಾರ್ಡ್ ನೋಡಿ ರಾಯರು ಫೋನ್ ಮಾಡಿದರು. "ಶಾಲು ಬೇಡ ಶೆಟ್ರೆ. ಎರಡು ಗಂಟೆ ಸಾಕು."

"ಎರಡೂ ಆಗ್ತದೆ ರಾಯ್ರೆ, ನೀವು ಬನ್ನಿ" ಎಂದೆ.

ಹತ್ತೂವರೆಯ ಕಾರ್ಯಕ್ರಮ ಹನ್ನೊಂದೂಕಾಲಿಗೆ ಶುರುವಾಯಿತು. ಇನ್ನೂರು ಜನ ಸೇರಿದ್ದರು, ಪ್ರೇಮನಾಥರ ಅಂದಾಜು ಸುಳ್ಳಾಗಲಿಲ್ಲ. ದೀಪ ಬೆಳಗಿಸಿದೆವು. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ ಎಲ್ಲ ಆದವು. ಪ್ರೇಮನಾಥರು ಮೂವತ್ತೈದು ನಿಮಿಷ ಮಾತಾಡಿದರು, ಅದರಲ್ಲಿ ಕಿರ್ದಿಯ ಹೆಸರು ಒಂದು ಸಲ ಬಂತು. ಆಮೇಲೆ ನಾಲ್ಕು ಜನ ಅಭಿನಂದಿಸಿದರು. ರಾಯರು ವೇದಿಕೆಯ ಮೇಲೆ ತಲೆಗೆ ಮೈಸೂರು ಪೇಟ, ಕೊರಳಿಗೆ ಗಂಧದ ಹಾರ ಹಾಕಿಸಿಕೊಂಡು, ಮೊಣಕಾಲ ಮೇಲೆ ಒಂದು ಕಟ್ಟು ಕಾಗದ ಹಿಡಿದು ಕುಳಿತಿದ್ದರು. ಹಿಂದಿನ ದಿನ ಡಯಾಲಿಸಿಸ್ ಆದ ಮೈ. ಆಗಾಗ ಕೈಗಡಿಯಾರ ನೋಡುತ್ತಿದ್ದರು. ನಾನು ಅದನ್ನು ಸಂಕೋಚ ಎಂದುಕೊಂಡೆ.

ಫಲಪುಷ್ಪದ ಬುಟ್ಟಿ ಕೊಡುವಾಗ ಅವರ ಕೈಯಲ್ಲಿ ಆ ಕಾಗದಗಳು ಅಡ್ಡ ಬಂದವು. "ಕೊಡಿ ರಾಯ್ರೆ, ಫೋಟೋಗೆ ಕೈ ಖಾಲಿ ಇರ್ಲಿ" ಎಂದು ನಾನೇ ತೆಗೆದುಕೊಂಡು, ಹೊದೆಸಿ ಮತ್ತೆ ಮಡಿಸಿಟ್ಟಿದ್ದ ಶಾಲಿನ ಪ್ಲಾಸ್ಟಿಕ್ ಕವರಿನೊಳಗೆ ತುರುಕಿದೆ. ಬುಟ್ಟಿಯಲ್ಲಿ ಬಾಳೆಹಣ್ಣು, ಕಿತ್ತಳೆ, ಎಳನೀರು. ಮೂರನ್ನೂ ಡಾಕ್ಟರು ಅವರಿಗೆ ಖಡಾಖಂಡಿತ ಬೇಡ ಎಂದಿದ್ದರಂತೆ. ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ.

ಅವರ ಸರದಿ ಬಂದಾಗ ಒಂದು ಗಂಟೆ ಇಪ್ಪತ್ತು ನಿಮಿಷ. ಒಂದೂವರೆಗೆ ಹಾಲ್ ಖಾಲಿ ಮಾಡಬೇಕಿತ್ತು, ಮುಂದೆ ಒಂದು ಮರಾಠಿ ಕುಟುಂಬದ ಬಾರಸೆ, ಅಂದರೆ ಮಗುವಿನ ನಾಮಕರಣ ಇತ್ತು, ತೊಟ್ಟಿಲು ಆಗಲೇ ಬಾಗಿಲಿಗೆ ಬಂದಿತ್ತು. "ಎರಡು ಮಾತು ಸಾಕು ರಾಯ್ರೆ" ಎಂದು ನಾನು ಕಿವಿಯಲ್ಲಿ ಹೇಳಿದೆ. ಅವರು ಮೈಕಿನ ಮುಂದೆ ಕಾಗದಕ್ಕಾಗಿ ಕೈ ಚಾಚಿದರು. ಕವರು ವೇದಿಕೆಯ ಹಿಂದೆ ಎಲ್ಲೋ ಇತ್ತು. ಕೈ ಹಿಂದೆ ತೆಗೆದುಕೊಂಡರು.

"ಜುಲೈ ಒಂದಕ್ಕೆ ಕಿರ್ದಿ ನಿಲ್ತದೆ" ಎಂದರು. "ಅದು ನಿಲ್ಲಬಾರದು ಅಂತಾದ್ರೆ ನಾವೆಲ್ಲ ಸ್ವಲ್ಪ ಸ್ವಲ್ಪ ಕೆಲಸ ಹಂಚಿಕೊಳ್ಬೇಕು. ಯಾವ ಕೆಲಸವೂ ಒಬ್ಬನಿಗೇ ಗೊತ್ತಿರಬಾರದು, ನನಗೂ."

ಕಳಂಬೋಲಿಯಲ್ಲಿ ನಟ್ಟು ಬೋಲ್ಟಿನ ಅಂಗಡಿ ಇಟ್ಟಿರುವ ಬಾಗಲಕೋಟೆ ಕಡೆಯ ಹುಲಗಪ್ಪ ಹಿಂದಿನಿಂದ ಎದ್ದು ನಿಂತ. "ನಾವೇನ್ ಮಾಡ್ಬೇಕು ಅದನ್ನ ಹೇಳ್ರಿ ರಾಯರ. ಸಾಲಿ ಕಲ್ತವರಲ್ಲ ನಾವು, ಆದ್ರ ಹೇಳಿದ್ ಕೆಲಸ ಮಾಡ್ತೀವಿ."

ರಾಯರ ಮುಖ ಅರಳಿತು. ಇಡೀ ದಿನದಲ್ಲಿ ಅದೊಂದೇ ಸಲ. ಅವರು ಬಾಯಿ ತೆರೆಯುವ ಮೊದಲೇ ನಾನು ಮೈಕ್ ತೆಗೆದುಕೊಂಡು, "ಪ್ರಶ್ನೆ ಎಲ್ಲ ಊಟದ ನಂತರ, ದಯವಿಟ್ಟು ಕೆಳಗೆ ಊಟಕ್ಕೆ ಬನ್ನಿ" ಎಂದೆ. ಚಪ್ಪಾಳೆ ಬಿತ್ತು. ಅವರು ಮಾತಾಡಿದ್ದು ನಾಲ್ಕು ನಿಮಿಷ. ಊಟದ ನಂತರ ಯಾರೂ ಉಳಿಯಲಿಲ್ಲ, ಭಾನುವಾರ ಲೋಕಲ್ ರೈಲುಗಳು ಕಡಿಮೆ. ಹುಲಗಪ್ಪ ಮಾತ್ರ ಅರ್ಧ ಗಂಟೆ ಮೆಟ್ಟಿಲ ಹತ್ತಿರ ಕಾದು ಹೋದನಂತೆ. ರಾಯರನ್ನು ಅಷ್ಟರಲ್ಲಿ ನಾವು ರಿಕ್ಷಾ ಹತ್ತಿಸಿದ್ದೆವು, ಬುಟ್ಟಿ ಮತ್ತು ಶಾಲಿನ ಜೊತೆ.

ವಾರದ ಮೇಲೆ ಅವರ ಫೋನ್ ಬಂತು. "ಆ ಕಾಗದ ನಿಮ್ಮಲ್ಲಿ ಉಳೀತಾ ಶೆಟ್ರೆ? ಕಂಪ್ಯೂಟರಿನಲ್ಲಿ ಉಂಟು, ಆದ್ರೆ ಪೆನ್ಸಿಲಿನಲ್ಲಿ ಬರೆದದ್ದು ಅದರಲ್ಲೇ ಇತ್ತು."

"ನೋಡ್ತೇನೆ ರಾಯ್ರೆ" ಎಂದೆ. ನೋಡಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಅಲ್ಲಿಂದ ಅವರು ಒಬ್ಬರೇ ಕುಟ್ಟಿದರು. ಹೆಂಡತಿ ಶ್ರೀಮತಿಯಮ್ಮ ಆಮೇಲೆ ಹೇಳಿದರು, ಏಪ್ರಿಲ್ ಮೇ ಪೂರ್ತಿ ಡಯಾಲಿಸಿಸ್ ದಿನವೂ ಬಿಡಲಿಲ್ಲವಂತೆ, ಸೂಜಿ ಇದ್ದ ಕೈಯನ್ನೂ ಒಮ್ಮೊಮ್ಮೆ ಮರೆತು ಎತ್ತಿಬಿಡುತ್ತಿದ್ದರಂತೆ. ಜೂನ್ ಆರರಂದು ಆಸ್ಪತ್ರೆಯಲ್ಲೇ ತೀರಿಕೊಂಡರು. ಬಿಲ್ಲಿನ ಭಾಗ ಮುಗಿದಿತ್ತು. ತೆರಿಗೆ ಹಾಕುವ ಭಾಗ ಅರ್ಧ ಆಗಿತ್ತು.

ಜುಲೈ ಒಂದಕ್ಕೆ ಕಿರ್ದಿ ನಿಂತಿತು. ಒಳಗಿನದ್ದೆಲ್ಲ ಇವತ್ತಿಗೂ ಇಂಟರ್ನೆಟ್ಟಿನಲ್ಲಿ ತೆರೆದೇ ಇದೆ, ಯಾರು ಬೇಕಾದರೂ ಮುಂದುವರಿಸಬಹುದು. ನಲವತ್ತೆರಡು ಜನರಲ್ಲಿ ಒಬ್ಬರೂ ಮುಂದುವರಿಸಲಿಲ್ಲ. ಆ ತಿಂಗಳೇ ಎಲ್ಲರೂ ಡೀಲರ್ ಹತ್ತಿರ ಹೋಗಿ ಸಾಫ್ಟ್‌ವೇರ್ ಕೊಂಡೆವು. ನಾನು ಹದಿನೆಂಟು ಸಾವಿರ ಕೊಟ್ಟೆ, ಒಂದು ಮಾತು ಚೌಕಾಸಿ ಮಾಡದೆ. ಅಕ್ಷರ ಸಣ್ಣದಾಯಿತು ಎಂದು ಆ ಕಂಪನಿಯವರಿಗೆ ಫೋನ್ ಮಾಡುವ ಧೈರ್ಯ ನನಗಿಲ್ಲ. ಮಾಡಿದರೂ ಒಂದು ಹುಡುಗಿ ಹಿಂದಿಯಲ್ಲಿ ಕಂಪ್ಲೇಂಟ್ ನಂಬರ್ ಕೊಡುತ್ತಾಳೆ, ಅಷ್ಟೇ.

ದೀಪಾವಳಿಗೆ ಮೊದಲು ಶ್ರೀಮತಿಯಮ್ಮ ಹೋಟೆಲಿಗೆ ಬಂದರು. ಕೈಯಲ್ಲಿ ಒಂದು ಬಟ್ಟೆಚೀಲ. "ಶಾಲಿನ ಕವರು ಬಿಚ್ಚಲೇ ಇಲ್ಲ. ಇನ್ನೊಬ್ಬರ ಸನ್ಮಾನಕ್ಕೆ ಆಗ್ತದೆ, ಇಟ್ಟುಕೊಳ್ಳಿ" ಎಂದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಆ ಬಾಳೆಹಣ್ಣು ಮಾತ್ರ ಬಿಲ್ಡಿಂಗಿನವರಿಗೆ ಹಂಚಿದೆ. ನಮ್ಮವರಿಗೆ ಒಂದು ತಿನ್ಬೇಕು ಅಂತ ಆಸೆ ಇತ್ತು, ಕೊಡ್ಲಿಲ್ಲ ನಾನು. ಕೊಡ್ಬಹುದಿತ್ತು."

ಅವರು ಹೋದ ಮೇಲೆ ಕವರು ಬಿಚ್ಚಿದೆ. ಶಾಲಿನ ಮಡಿಕೆಯಲ್ಲಿ ನಾನೇ ತುರುಕಿದ್ದ ಕಾಗದಗಳು, ಇಪ್ಪತ್ತಮೂರು ಪುಟ. ಯಾವ ತಿಂಗಳು ಏನಾಗಬೇಕು ಎಂದು 2027ರವರೆಗೆ ಬರೆದಿದ್ದರು. ಕೊನೆಯ ಎರಡು ಪುಟದಲ್ಲಿ ಕೆಲಸಗಳ ಪಟ್ಟಿ, ಪ್ರತಿಯೊಂದರ ಎದುರಿಗೆ ಪೆನ್ಸಿಲಿನಲ್ಲಿ ಒಂದು ಹೆಸರು. ಹುಲಗಪ್ಪನ ಎದುರು, ಹೊಸ ಬಿಲ್ಲುಗಳನ್ನು ಮೊದಲು ಮಾಡಿ ನೋಡುವುದು, ತಪ್ಪಿದ್ದರೆ ಮುಲಾಜಿಲ್ಲದೆ ಹೇಳುತ್ತಾರೆ ಎಂದಿತ್ತು. ನಲವತ್ತೆರಡು ಜನರಿಗೂ ಒಂದೊಂದು ಕೆಲಸ, ಅವರವರ ಕೈಲಾಗುವಷ್ಟೇ. ಇಡೀ ಪಟ್ಟಿಯಲ್ಲಿ ರಾಯರ ಹೆಸರು ಎಲ್ಲೂ ಇರಲಿಲ್ಲ.

ನನ್ನದು ಹನ್ನೊಂದನೇ ಸಾಲು. "ಜಯಶೀಲ ಶೆಟ್ರು. ವಾರಕ್ಕೆ ಅರ್ಧ ಗಂಟೆ. ಫೋನ್ ತೆಗೆದುಕೊಂಡು ಯಾರಿಗೆ ಏನು ತೊಂದರೆ ಎಂದು ಬರೆದಿಡುವುದು. ಜನರ ಜೊತೆ ಮಾತಾಡಲು ಅವರಿಗೆ ಇಷ್ಟ. ಕೇಳಿದರೆ ಒಪ್ಪುತ್ತಾರೆ."

ಕೇಳಿದ್ದರೆ ಒಪ್ಪುತ್ತಿದ್ದೆ. ಅದು ಸತ್ಯ. ಅವರು ಕೇಳಲು ಎದ್ದು ನಿಂತಾಗ ಮೈಕ್ ತೆಗೆದುಕೊಂಡವನೂ ನಾನೇ.