ಹಗೇವಿನ ಉಸಿರು

ಧುಮ್, ಧುಮ್. ದೇವದುರ್ಗದಲ್ಲಿ ನನ್ನ ಮನೆಯೊಡತಿ ಮುದುಕಿ ಅಂಗಳದ ನೆಲವನ್ನು ಹಿಮ್ಮಡಿಯಿಂದ ಗುದ್ದಿ ನೋಡುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಂಗಳವೆಲ್ಲ ಗಟ್ಟಿ ನೆಲ, ಮೂಕ. ಒಂದು ಕಡೆ ಮಾತ್ರ ಒಳಗಿನಿಂದ ಯಾರೋ ಓಗೊಟ್ಟಂತೆ ಟೊಳ್ಳು ದನಿ. ಅಲ್ಲಿತ್ತು ಹಗೇವು, ಜೋಳ ತುಂಬಿಡುವ ನೆಲದಡಿಯ ಕಣಜ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಒಂದು ಕೋಣೆಯಷ್ಟು ಅಗಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ರಾಯಚೂರಿನ ಕಾನ್ವೆಂಟಿನಲ್ಲಿ ಓದಿದ ನಾನು ಅಲ್ಲಿಯ ಹೈಸ್ಕೂಲಿಗೆ ಸೈನ್ಸ್ ಟೀಚರಾಗಿ ಹೋಗಿದ್ದೆ. ಆ ವಾರ ಒಂಬತ್ತನೇ ಕ್ಲಾಸಿಗೆ ಕಾರ್ಬೋಹೈಡ್ರೇಟ್ ಪಾಠ. ಜೋಳದ ಹಿಟ್ಟಿನ ಮೇಲೆ ಅಯೋಡಿನ್ ಹನಿಸಿ ನೀಲಿಯಾಗುವುದನ್ನು ತೋರಿಸಿದ್ದೆ. ಕಾಳಿನೊಳಗಿನ ಸ್ಟಾರ್ಚ್ ಫ್ಯುಯೆಲ್, ಕಣಿಕೆಯ, ಅಂದರೆ ಜೋಳದ ಒಣ ದಂಟಿನ, ಸೆಲ್ಯುಲೋಸ್ ಬಿಲ್ಡಿಂಗ್ ಮಟೀರಿಯಲ್. ಎರಡೂ ಒಂದೇ ಸಕ್ಕರೆಯ ಸರಪಳಿಗಳು, ಕೊಂಡಿ ಕೂಡುವ ರೀತಿ ಮಾತ್ರ ಬೇರೆ ಎಂದು ಹೇಳಿ, ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಎಂಥ ಪ್ರೈಡ್!

ಹಗೇವು ತೆರೆದದ್ದು ಒಂದು ಶನಿವಾರ, ನಾನು ಶಾಲೆ ಮುಗಿಸಿ ಬಂದ ಮೇಲೆ. ಒಳಗಿಳಿಯಲು ಅರಕೇರಾ ಕಡೆಯ ಒಬ್ಬ ಬಂದಿದ್ದ. ಐವತ್ತರ ಸಣಕಲು ಆಳು. ಸುತ್ತಲಿನ ಹಗೇವುಗಳಿಗೆಲ್ಲ ಅವನೇ ಇಳಿಯುತ್ತಿದ್ದ. ಬಾಯಿಯ ಕಲ್ಲು ಸರಿಸಿದಾಗ ಬೆಚ್ಚಗಿನ ಹುಳಿ ವಾಸನೆ ಮೇಲೆ ಬಂತು.

ಮೊದಲು ಉರಿಯುವ ಕಂದೀಲನ್ನು ಇಳಿಬಿಡಬೇಕು, ಅದು ಅಲ್ಲಿಯ ಪದ್ಧತಿ. ಒಳಗೆ ಏನಾದರೂ ಕೂತಿದ್ದರೆ ದೀಪವನ್ನು ನುಂಗುತ್ತದೆ. ಆಗ ಯಾರೂ ಇಳಿಯುವಂತಿಲ್ಲ. ಅಂದು ಕಂದೀಲಿನ ಗಾಜು ಒಡೆದಿತ್ತು. ಬಿರುಸಾದ ಗಾಳಿಗೆ ದೀಪ ಅಂಗಳದಲ್ಲೇ ಆರುತ್ತಿತ್ತು. ಕಡ್ಡಿ ಗೀರಿ ಗೀರಿ ಎಲ್ಲರೂ ಬೇಸತ್ತರು. ಬೇಕಾದದ್ದು ಬೆಳಕು ತಾನೇ ಎಂದುಕೊಂಡು ನಾನು ನನ್ನ ಮೂರು ಸೆಲ್ಲಿನ ಟಾರ್ಚ್ ತಂದುಕೊಟ್ಟೆ.

“ಇದು ಆರೂದಿಲ್ಲೇನ್ರಿ ಅಕ್ಕೋರ?” ಮನೆಯೊಡತಿ ಕೇಳಿದಳು.

“ಎಂಥಾ ಗಾಳಿಗೂ ಆರೂದಿಲ್ರಿ ಯವ್ವಾ.”

ಟಾರ್ಚನ್ನು ಹಗ್ಗಕ್ಕೆ ಕಟ್ಟಿ ಬಿಟ್ಟರು. ಬೆಳಕು ಅಲುಗದೆ ಜೋಳದ ಮೇಲೆ ಕೂತಿತು. “ನೋಡಬೇ, ಆರಲಿಲ್ಲ. ಒಳಗ ಏನೂ ಇಲ್ಲ,” ಎಂದು ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕಾಳು ತುಂಬುವ ಬುಟ್ಟಿ ಹಿಡಿದು ಇಳಿದ.

ಇಳಿದವನು ಬಾಯಿ ಮುಚ್ಚಬಾರದು. ಮೇಲಿನವರು ಕೆಣಕುತ್ತಿರಬೇಕು, ಅವನು ತಿರುಗಿ ಬೈಯುತ್ತಿರಬೇಕು. ಬೈಗುಳ ನಿಂತರೆ ಹಗ್ಗ ಎಳೆಯಬೇಕು.

“ಏನಲೇ, ಇಳಿಯೂದ್ರಾಗ ಮುದುಕ ಆದ್ಯೇನ?” ಮುದುಕಿ ಬಗ್ಗಿ ಕೂಗಿದಳು.

“ನಿನ್ನ ರೊಟ್ಟಿ ಕಡದು ಕಡದು ಹಲ್ಲು ಉದರ್ಯಾವ. ಮುದುಕ ಆಗದ ಏನ ಮಾಡ್ಲಿ?”

“ಬಾಯಿ ಇಷ್ಟುದ್ದ ಅದ, ತುಂಬಿದ ಬುಟ್ಟಿ ಎಲ್ಲಿ?”

“ತಡಿಯಬೇ. ಕಾಲಾಗ ಬೆಚ್ಚಗ ಅದ... ಯಾರೋ...”

“ಯಾರಲೇ? ನಿಮ್ಮ ಬೀಗರೇನ?”

ಉತ್ತರ ಬರಲಿಲ್ಲ. ನಾನು ಬಗ್ಗಿ ನೋಡಿದೆ. ನನ್ನ ಟಾರ್ಚಿನ ಬೆಳಕಿನಲ್ಲಿ ಅವನು ಜೋಳದ ಮೇಲೆ ಮೆಲ್ಲಗೆ, ಹಾಸಿಗೆಗೆ ಒರಗುವವನಂತೆ ಒರಗುತ್ತಿದ್ದ. ಮುಖದಲ್ಲಿ ನಗುವಿತ್ತು.

“ಎಳೀರಿ, ಎಳೀರಿ,” ಎಂದಳು ಮುದುಕಿ. ಪಕ್ಕದ ಮನೆಯ ಇಬ್ಬರು ಎಳೆದರು. ತುಟಿ ನೇರಳೆಯಾಗಿತ್ತು, ಬಾಯಿಯಲ್ಲಿ ಕಾಳು ಸಿಕ್ಕಿದ್ದವು. ಬೆರಳು ಹಾಕಿ ತೆಗೆದರು, ಮೊರದಿಂದ ಗಾಳಿ ಬೀಸಿದರು. ಎಷ್ಟು ಹೊತ್ತೋ. ಕೊನೆಗೆ ಹಳೆಯ ಬಟ್ಟೆ ಹರಿದಂಥ ಸದ್ದಿನೊಂದಿಗೆ ಅವನಿಗೆ ಉಸಿರು ಬಂತು.

ಆಮೇಲೆ ಮುದುಕಿ ಹಣತೆಯೊಂದನ್ನು ಹಚ್ಚಿ, ಸೆರಗಿನ ಮರೆಯಲ್ಲಿ ತಂದು, ತಂತಿಗೆ ಸಿಕ್ಕಿಸಿ ಹಗೇವಿನೊಳಗೆ ಬಿಟ್ಟಳು. ತುಸು ಕೆಳಗಿಳಿದದ್ದೇ ಯಾರೋ ಚಿವುಟಿದಂತೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಅಷ್ಟೇ ಆಳದಲ್ಲಿ ಆರಿತು. ಟಾರ್ಚ್ ಮಾತ್ರ ತಳದಲ್ಲಿ ಉರಿಯುತ್ತಲೇ ಇತ್ತು.

ನನಗೆ ಆಗ ಹೊಳೆಯಿತು. ಕಾಳಿಗೆ ಜೀವವಿದೆ, ಅದೂ ನಮ್ಮ ಹಾಗೇ ತನ್ನ ಸ್ಟಾರ್ಚನ್ನು ಇಷ್ಟಿಷ್ಟೇ ಸುಡುತ್ತದೆ ಎಂದು ಬೋರ್ಡಿನ ಮೇಲೆ ಬರೆದವಳು ನಾನೇ. ಕಣಿಕೆ ಹೊದಿಸಿದ ಗೋಡೆಗಳ ನಡುವೆ ಆ ಜೋಳವೆಲ್ಲ ಕತ್ತಲಲ್ಲಿ ಸದ್ದಿಲ್ಲದೆ ಉಸಿರಾಡಿ, ಇದ್ದ ಆಕ್ಸಿಜನ್ ಮುಗಿಸಿ ಕಾರ್ಬನ್ ಡೈ ಆಕ್ಸೈಡ್ ತುಂಬಿಸಿತ್ತು. ದೀಪಕ್ಕೆ ಬೇಕಾದ ಗಾಳಿಯೇ ಮನುಷ್ಯನಿಗೂ ಬೇಕು. ಸೆಲ್ಲಿಗೆ ಬೇಡ.

ನಾನು ಯಾರಿಗೂ ಹೇಳಲಿಲ್ಲ. ಹಗೇವು ಅವನನ್ನು ಹಿಡಿದಿತ್ತು ಎಂದು ಊರು ಮಾತಾಡಿತು. ಅವನು ಮತ್ತೆಂದೂ ಇಳಿಯಲಿಲ್ಲ. ಅದೇ ಜೋಳದ ರೊಟ್ಟಿಯನ್ನು ತಿಂಗಳುಗಟ್ಟಲೆ ತಿಂದೆ. ಅದರ ಬಲದಿಂದಲೇ ನಡೆದಾಡಿದೆ, ಪಾಠ ಮಾಡಿದೆ.

ಎಂಬತ್ತರ ದಶಕದಲ್ಲಿ ನನಗೆ ಮಾನ್ವಿಗೆ ಟ್ರಾನ್ಸ್‌ಫರ್ ಆಯಿತು. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಅವನು ಎದುರಾದ. “ದೇವದುರ್ಗದ ಅಕ್ಕೋರಲ್ರಿ?” ಎಂದು ಅವನೇ ಗುರುತು ಹಿಡಿದ. ಇನ್ನು ತಡೆಯಲಾಗದೆ ಹೇಳಿಬಿಟ್ಟೆ. “ತಪ್ಪು ನಂದಪ್ಪಾ. ಟಾರ್ಚ್ ಕೊಡಬಾರದಿತ್ತು. ಒಳಗ ದೆವ್ವ ಇರಲಿಲ್ಲ. ಗಾಳಿ ಇರಲಿಲ್ಲ, ಅಷ್ಟ.”

ಅವನು ನನ್ನ ಮುಖವನ್ನೇ ನೋಡಿದ. “ಗಾಳಿ ಇರಲಿಲ್ಲಂದ್ರ ನಮ್ಮವ್ವ ಹ್ಯಾಂಗ ಮಾತಾಡಿದ್ಲರಿ?”

ಅವನು ಹುಟ್ಟಿದ ವಾರದಲ್ಲೇ ತಾಯಿ ತೀರಿಕೊಂಡಿದ್ದಳಂತೆ. “ಕಾಲು ಹಿಡಕೊಂಡು, ಇಲ್ಲೇ ಮಲಕ್ಕೋ ಅಂದ್ಲು. ಆಕಿ ದನಿ ನಾ ಅದ ಮೊದಲ ಕೇಳಿದ್ದು. ನೀವು ಟಾರ್ಚ್ ಕೊಟ್ಟಿದ್ದಕ್ಕ ಕೇಳ್ತು.” ಬಸ್ ಬರುವ ದಾರಿಯತ್ತ ಕತ್ತು ಚಾಚಿ, “ಆದ್ರೂ ಎಳದದ್ದು ಚಲೋ ಆತು ಬಿಡ್ರಿ,” ಎಂದ.

ಅಷ್ಟರಲ್ಲಿ ಅವನ ಬಸ್ ಬಂತು. ಹತ್ತಿ ಕಿಟಕಿಯ ಪಕ್ಕ ಕೂತ. ಬಸ್ ಹೊರಟು ವೇಗ ಹಿಡಿದಂತೆ ತಲೆ ಹೊರಗೆ ಹಾಕಿದ, ಕಣ್ಣು ಮುಚ್ಚಿ ಬಾಯಿ ಅಗಲಕ್ಕೆ ತೆರೆದ. ಬೀಸುವ ಬಿಸಿಗಾಳಿಯನ್ನು ಗುಟುಕು ಗುಟುಕಾಗಿ ನುಂಗುತ್ತಿದ್ದ. ಅವನನ್ನು ನಾನು ಕಂಡದ್ದು ಅದೇ ಕೊನೆ.