ಪಂಜರಕ್ಕೆ ಹೋದ ಗೆಳತಿ

ಕುಮಟಾದಲ್ಲಿ ನಮಗೆ ಬಾಕ್ಸಿಂಗ್ ಕಲಿಸುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾಗಿ ಬಂದ ಒಬ್ಬ ಮಾಸ್ತರರು. ಹಳೆಯ ಹೆಂಚಿನ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಹಗ್ಗ ಕಟ್ಟಿ ರಿಂಗ್ ಮಾಡಿಕೊಂಡಿದ್ದರು. ನಾನು ಹಗಲು ಔಷಧಿ ಅಂಗಡಿಯಲ್ಲಿ ದುಡಿದು ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ನನ್ನ ಎದುರು ಆಡುತ್ತಿದ್ದವಳು ಶಿರಾಲಿಯವಳು, ಗದ್ದೆ ಕೆಲಸದ ಮನೆಯ ಹುಡುಗಿ. ಅವಳ ಎಡಗೈ ಏಟು ಬರುವುದು ಕಾಣುತ್ತಲೇ ಇರಲಿಲ್ಲ. ನನ್ನ ಮೂಗು ಇವತ್ತಿಗೂ ತುಸು ವಾರೆಯಾಗಿರುವುದು ಅವಳಿಂದಲೇ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಹೊನ್ನಾವರದಲ್ಲಿ ಎಂಎಂಎ ಎಂಬ ಮಿಶ್ರ ಕಾದಾಟ ಕಲಿಸುವ ಜಿಮ್ ತೆರೆಯಿತು. ತಂತಿಬಲೆಯ ಪಂಜರ, ಬಣ್ಣದ ದೀಪ. ಅಲ್ಲಿ ಗುದ್ದುವುದಷ್ಟೇ ಅಲ್ಲ, ಒದೆಯಬಹುದು, ಕೆಡವಬಹುದು, ಬಿದ್ದವರ ಮೇಲೆ ಕೂತು ಹೊಡೆಯಬಹುದು. ಮೊಬೈಲಿನಲ್ಲಿ ಅಂಥ ಪಂದ್ಯಗಳನ್ನೇ ನೋಡುತ್ತಿದ್ದ ನಮ್ಮ ಹುಡುಗರು ಒಬ್ಬೊಬ್ಬರಾಗಿ ಅತ್ತ ಹೋದರು. ಕೊನೆಗೆ ನಾವಿಬ್ಬರೇ ಉಳಿದೆವು. ಒಂದು ಸಂಜೆ ಅವಳೂ ಬಾಯಿಬಿಟ್ಟಳು.

“ಮಾಸ್ತರೆ, ನಾನೂ ಅಲ್ಲೇ ಹೋಗ್ತೆ.”

“ಎಂತಕ್ಕೆ? ಬಿದ್ದವರಿಗೆ ಹೊಡೆಯೂಕೆ ಕಲೀಲಿಕ್ಕಾ?”

“ಬಾಕ್ಸಿಂಗ್ ನೋಡೂಕೆ ಈಗ ಯಾರು ಬರ್ತಾರೆ? ಅಲ್ಲಾದ್ರೆ ಗೋವಾದಲ್ಲಿ ಪಂದ್ಯ ಸಿಗ್ತದೆ.”

“ಅದರಲ್ಲಿ ತಲೆಗೆ ಏಟು ಬೀಳ್ತದೆ, ಮಗಾ.”

ಅವಳು ಅವರ ಕೈಗಳನ್ನು ನೋಡಿದಳು. ಗ್ಲೌಸಿನ ಲಾಡಿ ಕಟ್ಟಲೂ ಆಗದಷ್ಟು ನಡುಗುವ ಕೈಗಳು. “ನಿಮ್ಮ ಕೈ ಹೀಗಾದ್ದು ಎಂತರಿಂದ? ಬಾಕ್ಸಿಂಗಲ್ಲಿ ತಲೆಗೆ ಬಿದ್ದ ಏಟಿಂದಲೇ ಅಲ್ದಾ?” ಎಂದು ಕೇಳಿದಳು.

ಆ ಮಾತು ನನಗೆ ಕ್ರೂರ ಅನ್ನಿಸಿತು. ಸುಳ್ಳು ಅನ್ನಿಸಲಿಲ್ಲ.

ಗೋವಾದ ಮೊದಲ ಪಂದ್ಯವನ್ನು ಅವಳು ಗೆದ್ದಳು. ಮುಂದಿನದರಲ್ಲಿ ಎದುರಾಳಿ ಅವಳನ್ನು ಕೆಡವಿ, ಮೇಲೆ ಕೂತು ಮೊಣಕೈಯಿಂದ ಮುಖಕ್ಕೆ ಹೊಡೆದಳು. ರೆಫರಿ ಬಿಡಿಸುವಷ್ಟರಲ್ಲಿ ಎಡಗಣ್ಣು ಹೋಗಿತ್ತು. ಮಂಗಳೂರಿನಲ್ಲಿ ಆಪರೇಶನ್ ಮಾಡಿದರೂ ದೃಷ್ಟಿ ಮರಳಲಿಲ್ಲ.

ಮಾಸ್ತರರು ಮತ್ತು ನಾನು ರೈಲು ಹತ್ತಿ ಅವಳನ್ನು ನೋಡಲು ಹೋದೆವು. ಮಂಚದ ಪಕ್ಕ ಕೂತು ಮಾಸ್ತರರು ಕಿತ್ತಳೆ ಸುಲಿಯಲು ನೋಡಿದರು. ಉಗುರು ನಿಲ್ಲಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅವಳೇ ಅದನ್ನು ತೆಗೆದುಕೊಂಡು ಸುಲಿದು, ಅರ್ಧ ಅವರ ಕೈಗಿಟ್ಟಳು. ಇಬ್ಬರೂ ತಿಂದರು.

“ಬಾಕ್ಸಿಂಗಲ್ಲೇ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ ಅಂತ ಹೇಳೂಕೆ ಬಂದ್ರಾ?” ಎಂದಳು ಆಮೇಲೆ.

“ಇಲ್ಲ. ನಿನ್ನ ಕಾಣೂಕೆ ಬಂದೆ.”

ಊರಿಗೆ ಮರಳಿದ ಮೇಲೆ ಅವರು ಗೋದಾಮು ತೆರೆಯಲಿಲ್ಲ. ಕಲಿಯಲು ನಾನೊಬ್ಬಳೇ ಇದ್ದೆ, ನನಗೂ ಮನಸ್ಸಿರಲಿಲ್ಲ. ಈಗ ಅಲ್ಲಿ ಯಾರದೋ ಸಿಮೆಂಟು ಚೀಲಗಳಿವೆ. ಮಾಸ್ತರರು ದಾರಿಯಲ್ಲಿ ಸಿಕ್ಕರೆ ನನ್ನ ಗುರುತು ಹಿಡಿಯಲು ಹೊತ್ತಾಗುತ್ತದೆ.

ಇಷ್ಟಾದ ಮೇಲೆ ಹೊನ್ನಾವರದ ಜಿಮ್ಮಿಗೆ ಜನ ಕಡಿಮೆಯಾಗುತ್ತಾರೆ ಎಂದುಕೊಂಡಿದ್ದೆ. ಆದರೆ ಅವಳು ಏಟು ತಿನ್ನುವ ವಿಡಿಯೊ ಭಟ್ಕಳದಿಂದ ಕುಮಟಾದವರೆಗೆ ಎಲ್ಲರ ಮೊಬೈಲಿಗೂ ಬಂತು. ಅದನ್ನು ನೋಡಿಯೇ ಇನ್ನಷ್ಟು ಜನ ಸೇರಿದರು.

ಅವಳೀಗ ಭಟ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹೋದ ತಿಂಗಳು ಸೀರೆ ಕೊಳ್ಳಲು ಬಂದ ಗಂಡಹೆಂಡತಿ ಅವಳನ್ನು ಗುರುತಿಸಿ, ವಿಡಿಯೊದಲ್ಲಿದ್ದವಳು ನೀನೇ ಅಲ್ಲವೇ ಎಂದು ಫೋಟೊ ಕೇಳಿದರಂತೆ.

“ನೀ ಎಂತ ಮಾಡಿದೆ?” ಎಂದೆ.

“ನಿಂತ್ಕಂಡೆ,” ಎಂದಳು. “ಫೋಟೊ ತೆಗೆದಾದ್ಮೇಲೆ ಸೀರೆ ತೋರಿಸಿದೆ.”